ಇಪ್ಪತ್ತೊಂದು ದಿನಕ್ಕೊಂದು ಸೂಜಿ: ಹೃದಯ ಕವಾಟದ ರೋಗವೂ ಕೂಡಿ ಮಾಡುವ ಸಂಶೋಧನೆಯೂ

(ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಕೊಣ್ಣೂರಿಗೆ ಹೊಸದಲ್ಲ. ಶಕ 782, ಅಂದರೆ ಕ್ರಿ.ಶ. 860ರಲ್ಲಿ ರಾಷ್ಟ್ರಕೂಟರ ಅಮೋಘವರ್ಷ ತನ್ನ ಸಾಮಂತ ಬಂಕೆಯನ ಕೋರಿಕೆಗೆ ಒಪ್ಪಿ ಇಲ್ಲಿಯ ಜಿನಾಲಯಕ್ಕೆ ಊರೊಂದನ್ನು ದತ್ತಿ ಬಿಟ್ಟಿದ್ದ. ಆಗ ಈ ಊರಿಗೆ ಕೊಳನೂರು ಎಂಬ ಹೆಸರು. ನಮ್ಮ ಕೈಗೆ ಸಿಕ್ಕ ಶಾಸನ ಮಾತ್ರ ಅಮೋಘವರ್ಷನ ಕಾಲದ್ದಲ್ಲ. ತಾಮ್ರಪಟದಲ್ಲಿದ್ದ ಮಾತನ್ನು ಎಷ್ಟೋ ತಲೆಮಾರಿನ ಮೇಲೆ ಊರಿನವರು ಓದಿಸಿ, ಕಲ್ಲಿನ ಮೇಲೆ ಮತ್ತೆ ಬರೆಸಿದರು. ಪ್ರತಿ ಮಾಡಿಸಿದವರು ಇಲ್ಲದಿದ್ದರೆ ದತ್ತಿಯ ಸುದ್ದಿಯೂ ಉಳಿಯುತ್ತಿರಲಿಲ್ಲ. ನಾನು ಇವತ್ತು ಮಾತಾಡಲಿಕ್ಕೆ ಬಂದದ್ದೂ ಒಂದು ದಾಖಲೆಯ ಬಗ್ಗೆ. ಅದು ರೋಗದ ದಾಖಲೆ, ಇನ್ನೂ ಸರಿಯಾಗಿ ಯಾರೂ ಬರೆದಿಟ್ಟಿಲ್ಲದ್ದು.

ಹೃದಯ ಕವಾಟದ ಸಂಶೋಧನೆ ಎಂದ ಕೂಡಲೇ ಬೆಂಗಳೂರು, ದಿಲ್ಲಿ, ವಿದೇಶದ ವಿಶ್ವವಿದ್ಯಾಲಯ, ಗಾಜಿನ ಕೋಣೆ, ಬಿಳಿ ಕೋಟು ಕಣ್ಣಿಗೆ ಬರುತ್ತವೆ. ಇವೆಲ್ಲ ಬೇಕು. ಆದರೆ ನಮ್ಮ ಭಾಗದ ಕವಾಟದ ರೋಗ ದೊಡ್ಡಾಸ್ಪತ್ರೆಯಲ್ಲಿ ಹುಟ್ಟುವುದಿಲ್ಲ, ಅಲ್ಲಿಗೆ ಮುಟ್ಟುವ ಹೊತ್ತಿಗೆ ಅದರ ಕತೆಯ ಮುಕ್ಕಾಲು ಪಾಲು ಮುಗಿದಿರುತ್ತದೆ. ಆ ಮುಕ್ಕಾಲು ಪಾಲು ನಡೆಯುವುದು ಇಲ್ಲಿ: ಶಾಲೆಯಲ್ಲಿ, ಉಪಕೇಂದ್ರದಲ್ಲಿ, ಗುಳೆ ಹೋದ ಊರಿನ ತಗಡಿನ ಶೆಡ್ಡಿನಲ್ಲಿ. ಹತ್ತು ಆಸ್ಪತ್ರೆಗಳು ಕೂಡಿದರೆ ಸಹಯೋಗವಾಯಿತು ಅನ್ನುವವರ ಜೊತೆ ನನಗೆ ಜಗಳವಿದೆ. ಕೊಣ್ಣೂರಿನ ಉಪಕೇಂದ್ರದ ವಹಿ ಅದರೊಳಗೆ ಬರುವವರೆಗೆ ಆ ಸಹಯೋಗ ಅರ್ಧ.

ಮೊದಲು ರೋಗದ ವಿಷಯ. ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಮಲಪ್ರಭೆಯ ಕಾಲುವೆ ನೋಡಿದ ನಿಮಗೆ ತೂಬು ಗೊತ್ತು. ಕವಾಟವೂ ತೂಬೇ, ದಿನಕ್ಕೆ ಸುಮಾರು ಒಂದು ಲಕ್ಷ ಸಲ ತಾನಾಗಿ ತೆರೆದು ತಾನಾಗಿ ಮುಚ್ಚುವ ತೂಬು. ಅದರ ಎಸಳುಗಳು ತೆಳ್ಳಗೆ, ಮೃದುವಾಗಿರಬೇಕು. ಐದರಿಂದ ಹದಿನೈದು ವರ್ಷದ ಮಗುವಿಗೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಗಂಟಲುಬೇನೆ ಬರುತ್ತದೆ. ನಾಲ್ಕು ದಿನಕ್ಕೆ ಕಡಿಮೆಯಾಗುತ್ತದೆ, ಎಲ್ಲರೂ ಮರೆಯುತ್ತಾರೆ. ಎರಡು ಮೂರು ವಾರ ಬಿಟ್ಟು ಮೊಣಕಾಲು ಬಾತುಕೊಳ್ಳುತ್ತದೆ, ಅದು ಇಳಿಯುವಷ್ಟರಲ್ಲಿ ಹಿಮ್ಮಡಿಯ ಕೀಲು, ಆಮೇಲೆ ಮೊಣಕೈ. ಬ್ಯಾಕ್ಟೀರಿಯದ ಮೈಮೇಲಿನ ಪ್ರೋಟೀನು ನಮ್ಮ ಹೃದಯದ ಪ್ರೋಟೀನನ್ನು ಹೋಲುವುದರಿಂದ, ರೋಗವನ್ನು ಹೊಡೆಯಲು ಹೊರಟ ದೇಹದ ಪಡೆ ಸ್ವಂತ ಕವಾಟವನ್ನೇ ಹೊಡೆಯುತ್ತದೆ. ಇದೇ ರುಮ್ಯಾಟಿಕ್ ಜ್ವರ. ಒಂದೇ ಸಲ ಬಂದರೆ ಕವಾಟ ಬಹಳಷ್ಟು ಸಲ ತಾಳಿಕೊಳ್ಳುತ್ತದೆ. ಮತ್ತೆ ಮತ್ತೆ ಬಂದಾಗ ಎಸಳು ದಪ್ಪವಾಗಿ, ಅಂಚು ಅಂಟಿ, ಎಡಭಾಗದ ಮೈಟ್ರಲ್ ಕವಾಟ ಕಿರಿದಾಗುತ್ತದೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ಇರಬೇಕಾದ ಬಾಯಿ ಒಂದೂವರೆಗೆ ಇಳಿಯುತ್ತದೆ, ಕೆಲವರಲ್ಲಿ ಒಂದಕ್ಕೂ ಕಡಿಮೆ.

ಅಷ್ಟಾದರೂ ಹುಡುಗಿ ಹೊಲಕ್ಕೆ ಹೋಗುತ್ತಾಳೆ, ನೀರು ಹೊರುತ್ತಾಳೆ, ಮದುವೆಯಾಗುತ್ತಾಳೆ. ಬಸುರಿಯಾದಾಗ ದೇಹದ ರಕ್ತದ ಪ್ರಮಾಣ ಅರ್ಧದಷ್ಟು ಹೆಚ್ಚುತ್ತದೆ. ಕಿರಿದಾದ ಬಾಯಿಂದ ಅಷ್ಟು ರಕ್ತ ದಾಟುವುದಿಲ್ಲ, ಪುಪ್ಪುಸದಲ್ಲಿ ನೀರು ನಿಲ್ಲುತ್ತದೆ. ಆರನೇ ತಿಂಗಳಿನಲ್ಲಿ "ದಮ್ಮು ಹತ್ತತೈತ್ರಿ, ಮಲಗಾಕ ಆಗವಲ್ದು" ಎನ್ನುತ್ತಾ ಬರುತ್ತಾಳೆ. ಬಸುರಿಗೆ ಇದೆಲ್ಲ ಸಹಜ ಎಂದು ಮನೆಯವರು ಸಮಾಧಾನ ಹೇಳಿರುತ್ತಾರೆ. ಈ ರೋಗದಲ್ಲಿ ಹೆಂಗಸರ ಪಾಲು ಎಷ್ಟು ಎಂಬುದು ಮುಂದೆ ಬರುವ ಅಂಕಿಗಳಲ್ಲಿ ಕಾಣುತ್ತದೆ. 1963ರಲ್ಲೇ ದಿಲ್ಲಿಯ ಏಮ್ಸ್‌ನ ಸುಜೋಯ್ ರಾಯ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಪಶ್ಚಿಮದ ದೇಶಗಳಲ್ಲಿ ನಡುವಯಸ್ಸಿಗೆ ಕಾಣುವ ಮೈಟ್ರಲ್ ಸಂಕೋಚ ಭಾರತದಲ್ಲಿ ಇಪ್ಪತ್ತರ ಒಳಗಿನ ಮಕ್ಕಳಲ್ಲೇ ಬಲಿತಿರುತ್ತದೆ ಎಂದು. ಹೊರಗಿನ ಪುಸ್ತಕ ಓದಿ ನಮ್ಮ ರೋಗಿಯನ್ನು ಅಳೆಯಬಾರದು ಎಂಬ ಪಾಠ ಅಲ್ಲಿಂದಲೇ ಶುರುವಾಗಬೇಕಿತ್ತು.

ಎಷ್ಟು ಮಕ್ಕಳಿಗೆ ಈ ರೋಗವಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, ಎಪ್ಪತ್ತರ ದಶಕದಲ್ಲಿ ಶಾಲಾಮಕ್ಕಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಣಿಸಿದಾಗ ಸಾವಿರಕ್ಕೆ ಸುಮಾರು ಐದು ಬಂತು. 2000ದಿಂದ 2010ರವರೆಗೆ ನಡೆದ ಜೈ ವಿಜ್ಞಾನ್ ಯೋಜನೆಯಲ್ಲಿ ಅದು ಒಂದರ ಆಸುಪಾಸಿಗೆ ಇಳಿಯಿತು. ರೋಗ ಹೋಗುತ್ತಿದೆ ಎಂದು ಬಹಳ ಜನ ನಿರಾಳರಾದರು. ಅದೇ ಹೊತ್ತಿಗೆ ಹೃದಯದ ಒಳಗನ್ನು ಚಿತ್ರವಾಗಿ ತೋರಿಸುವ ಎಕೋ ಯಂತ್ರ ಶಾಲೆಯೊಳಗೆ ಬಂತು. ಹರಿಯಾಣದ ಬಲ್ಲಭ್‌ಗಡದಲ್ಲಿ ಏಮ್ಸ್‌ನ ಅನಿತಾ ಸಕ್ಸೇನಾ ಅವರ ತಂಡ 6,270 ಮಕ್ಕಳನ್ನು ನೋಡಿ 2011ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಕಿವಿಗೆ ಸಿಕ್ಕದ್ದು ಸಾವಿರಕ್ಕೆ 0.8, ಎಕೋದಲ್ಲಿ ಕಂಡದ್ದು 20.4. ಅದಕ್ಕೂ ನಾಲ್ಕು ವರ್ಷ ಮೊದಲು ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನಲ್ಲಿ ಇದೇ ಅಂತರ ಕಂಡಿತ್ತು. ರೋಗ ಕಡಿಮೆಯಾದದ್ದು ಸ್ವಲ್ಪ ನಿಜವಿರಬಹುದು, ಕಾಣದೆ ಉಳಿದದ್ದಂತೂ ಬಹಳ.

ಇಲ್ಲಿ ಒಂದು ತೊಡಕು ಎದ್ದಿತು. ಎಕೋದಲ್ಲಿ ಮಾತ್ರ ಕಾಣುವ, ಮಗುವಿಗೆ ಏನೂ ತೊಂದರೆ ಕೊಡದ ಈ ಸಣ್ಣ ದೋಷ ನಾಳೆ ರೋಗವಾಗುತ್ತದೆಯೇ? ಆಗುವುದಿಲ್ಲ ಎಂದಾದರೆ ಸಾವಿರಾರು ಮಕ್ಕಳಿಗೆ ಗಂಟಲುಬೇನೆ ತಡೆಯುವ ಪೆನಿಸಿಲಿನ್ ಸೂಜಿಯನ್ನು ಸುಮ್ಮನೆ ಚುಚ್ಚಿದಂತಾಯಿತು, ಮನೆಯವರಿಗೆ ಹೆದರಿಕೆ ಹಚ್ಚಿದಂತಾಯಿತು. ಒಬ್ಬ ವೈದ್ಯನ ಅನುಭವ ಇದಕ್ಕೆ ಉತ್ತರ ಕೊಡಲಾರದು. ಮೊದಲು ಎಲ್ಲರೂ ಒಂದೇ ಅಳತೆಗೋಲು ಹಿಡಿಯಬೇಕಿತ್ತು. 2012ರಲ್ಲಿ ವಿಶ್ವ ಹೃದಯ ಒಕ್ಕೂಟ ಅದನ್ನು ರೂಪಿಸಿತು, 2023ರಲ್ಲಿ ತಿದ್ದಿತು. ಆಮೇಲೆ ಉತ್ತರ ಬಂದದ್ದು ಉಗಾಂಡದ ಗುಲು ಎಂಬ ಪಟ್ಟಣದ ಸುತ್ತಲಿನ ಶಾಲೆಗಳಿಂದ. ಒಂದು ಲಕ್ಷಕ್ಕೂ ಮೀರಿ ಮಕ್ಕಳನ್ನು ಪರೀಕ್ಷಿಸಿ, ಸುಪ್ತ ರೋಗವಿದ್ದ 818 ಮಕ್ಕಳಲ್ಲಿ ಅರ್ಧ ಜನಕ್ಕೆ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಕೊಟ್ಟರು, ಇನ್ನರ್ಧವನ್ನು ಕಣ್ಣಿಟ್ಟು ನೋಡಿದರು. ಎರಡು ವರ್ಷದಲ್ಲಿ ಸೂಜಿ ತಗೊಂಡ ಗುಂಪಿನಲ್ಲಿ ಮೂರು ಮಕ್ಕಳಿಗೆ ರೋಗ ಮುಂದುವರಿಯಿತು, ತಗೊಳ್ಳದವರಲ್ಲಿ 33ಕ್ಕೆ. ಆ ಪ್ರಬಂಧ ಮುದ್ರಣದಲ್ಲಿ ಬಂದದ್ದು 2022ರಲ್ಲಿ. ಗುಲು ಹೇಗಿದೆ ಅಂತೀರಿ? ದೀರ್ಘ ಯುದ್ಧ ಕಂಡ ಬಡ ಪ್ರದೇಶ. ಅಲ್ಲಿ ಆದದ್ದು ನರಗುಂದ ತಾಲೂಕಿನಲ್ಲಿ ಆಗದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ರೋಗ ಬಲಿತವರ ಸ್ಥಿತಿಯೇನು ಎಂಬುದನ್ನು ಬರೆದಿಟ್ಟದ್ದು ರೆಮಿಡಿ ಎಂಬ ಜಾಗತಿಕ ನೋಂದಣಿ. ದಕ್ಷಿಣ ಆಫ್ರಿಕದ ಬೊಂಗಾನಿ ಮಯೋಸಿ ಮುಂದೆ ನಿಂತು ನಡೆಸಿದ್ದು. ಅವರು 2018ರಲ್ಲಿ ತೀರಿಕೊಂಡರು. ಆಫ್ರಿಕದ ಹನ್ನೆರಡು ದೇಶ, ಭಾರತ, ಯೆಮೆನ್ ಸೇರಿ 25 ಆಸ್ಪತ್ರೆಗಳ 3,343 ರೋಗಿಗಳು. ವಯಸ್ಸಿನ ಮಧ್ಯಾಂಕ 28. ಮೂರರಲ್ಲಿ ಎರಡು ಪಾಲು ಹೆಂಗಸರು. ಎರಡೇ ವರ್ಷದಲ್ಲಿ ನೂರಕ್ಕೆ ಹದಿನೇಳು ಜನ ಸತ್ತಿದ್ದರು. ಇಪ್ಪತ್ತೆಂಟರ ಹರೆಯದ ರೋಗಿಗಳ ಗುಂಪಿನಲ್ಲಿ ಇಷ್ಟು ಸಾವು! ಪೆನಿಸಿಲಿನ್ ಪಡೆಯುತ್ತಿದ್ದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಈಗ ನನಗೆ ಬಹಳ ಪ್ರೀತಿಯ ಅಧ್ಯಯನಕ್ಕೆ ಬರುತ್ತೇನೆ, ಸ್ವಲ್ಪ ತಡೆದು ಹೇಳುತ್ತೇನೆ. ಮೈಟ್ರಲ್ ಬಾಯಿ ಕಿರಿದಾದವರ ಹೃದಯದ ಮೇಲಿನ ಕೋಣೆ ಉಬ್ಬಿ ಲಯ ತಪ್ಪುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಹೆಪ್ಪು ಮೆದುಳಿಗೆ ಹಾರಿ ಲಕ್ವ ಹೊಡೆಯುತ್ತದೆ. ಅದಕ್ಕೇ ರಕ್ತ ತೆಳುವಾಗುವ ಗುಳಿಗೆ: ವಾರ್ಫರಿನ್, ಇಲ್ಲವೆ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸಿಟ್ರೊಂ. ಹಳೆಯ, ಅಗ್ಗದ ಔಷಧ, ಆದರೆ ಕಾಟದ್ದು. ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಅಂಕಿ ಎರಡು ಮೂರರ ನಡುವೆ ನಿಲ್ಲಬೇಕು. ಸೊಪ್ಪು ಹೆಚ್ಚು ತಿಂದರೆ ಇಳಿಯುತ್ತದೆ, ಬೇರೆ ಗುಳಿಗೆ ಸೇರಿದರೆ ಏರುತ್ತದೆ. ಒಂದು ಐಎನ್‌ಆರ್‌ಗೆ ಕೊಣ್ಣೂರಿನಿಂದ ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಆದ್ದರಿಂದ ಪರೀಕ್ಷೆಯ ತಂಟೆಯೇ ಇಲ್ಲದ ಹೊಸ ಗುಳಿಗೆ ರಿವರಾಕ್ಸಬಾನ್ ಬಂದಾಗ ವೈದ್ಯರೆಲ್ಲ ಇದೇ ನಮ್ಮ ಬಡರೋಗಿಗೆ ತಕ್ಕದ್ದು ಎಂದುಕೊಂಡರು. ನಾನೂ ಅಂದುಕೊಂಡವನೇ.

ಹಾಗೆ ಅಂದುಕೊಂಡು ಸುಮ್ಮನಿರದೆ ಕೆನಡಾದ ಸಂಶೋಧಕರೂ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಅವರೂ ಕೂಡಿ ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕದ 24 ದೇಶಗಳಲ್ಲಿ ಪರೀಕ್ಷೆ ಹೂಡಿದರು. ಅದರ ಹೆಸರು ಇನ್‌ವಿಕ್ಟಸ್. 4,531 ರೋಗಿಗಳು, ನೂರಕ್ಕೆ 72 ಜನ ಹೆಂಗಸರು. ಹೊಸ ಗುಳಿಗೆ ಹಳೆಯದಕ್ಕಿಂತ ಕಡಿಮೆಯಲ್ಲ ಎಂದು ತೋರಿಸುವುದು ಉದ್ದೇಶ. 2022ರಲ್ಲಿ ಫಲಿತಾಂಶ ಬಂತು: ಹೊಸ ಗುಳಿಗೆ ಸೋತಿತ್ತು. ಲಕ್ವ, ಹೃದಯಾಘಾತ, ಸಾವು ಇತ್ಯಾದಿ ಕೂಡಿಸಿದರೆ ಆ ಗುಂಪಿನಲ್ಲಿ 560 ಜನಕ್ಕೆ ಆಪತ್ತು, ಹಳೆಯ ಗುಳಿಗೆಯವರಲ್ಲಿ 446. ಸತ್ತವರೂ ಹೊಸ ಗುಳಿಗೆಯ ಕಡೆಗೇ ಹೆಚ್ಚು. ಹಳೆಯ ಗುಳಿಗೆಯವರ ಐಎನ್‌ಆರ್ ಸರಿಯಾಗಿದ್ದದ್ದು ನೂರಕ್ಕೆ ಅರವತ್ತರ ಆಸುಪಾಸು ಮಾತ್ರ, ಆದರೂ ಗೆದ್ದರು. ಯಾಕೆ ಎಂಬುದು ಇನ್ನೂ ಪೂರ್ತಿ ಬಿಡಿಸಿಲ್ಲದ ಗಂಟು. ವ್ಯತ್ಯಾಸ ಬಂದದ್ದು ಮುಖ್ಯವಾಗಿ ಹಠಾತ್ ಸಾವು ಮತ್ತು ಹೃದಯ ಸೋತು ಆಗುವ ಸಾವಿನಲ್ಲಿ. ರಕ್ತಪರೀಕ್ಷೆಗೆಂದು ತಿಂಗಳು ತಿಂಗಳು ಬರುವ ರೋಗಿಯನ್ನು ಯಾರಾದರೂ ಕಣ್ಣೆತ್ತಿ ನೋಡುತ್ತಾರೆ, ಕಾಲು ಬಾತಿದೆಯೇ ಕೇಳುತ್ತಾರೆ, ಅದೇ ಉಳಿಸಿರಬಹುದೇ ಎಂಬ ಊಹೆಯೂ ಒಂದಿದೆ. ಊಹೆ ಎಂದೇ ತಿಳಿಯಿರಿ. ಇಷ್ಟು ದೇಶಗಳ ರೋಗಿಗಳು ಕೂಡದಿದ್ದರೆ, ಬಡವರ ಹಿತ ಬಯಸಿಯೇ ನಾವು ದುಬಾರಿ ಔಷಧ ಬರೆಯುತ್ತಿದ್ದೆವು, ಸಾವೂ ಹೆಚ್ಚುತ್ತಿತ್ತು, ಯಾರಿಗೂ ಪತ್ತೆ ಹತ್ತುತ್ತಿರಲಿಲ್ಲ.

ಕವಾಟವನ್ನೇ ಬದಲಾಯಿಸುವ ಕತೆಯಲ್ಲೂ ಕೂಡಿ ದುಡಿದವರ ಪಾಲು ದೊಡ್ಡದು. ಎಪ್ಪತ್ತರ ದಶಕದಲ್ಲಿ ಕೃತಕ ಕವಾಟ ಎಂದರೆ ಆಮದು ಮಾಲು, ಬೆಲೆ ಕೇಳಿಯೇ ಮನೆಯವರು ರೋಗಿಯನ್ನು ವಾಪಸ್ ಕರೆದೊಯ್ಯುತ್ತಿದ್ದರು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಮತ್ತು ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಅವರ ತಂಡ ದೇಶಿ ಕವಾಟಕ್ಕೆ ಕೈಹಾಕಿತು. ಮೊದಲಿನ ಮೂರು ಮಾದರಿಗಳು ಸೋತವು. ನಾಲ್ಕನೆಯದರಲ್ಲಿ ಕ್ರೋಮ್-ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಪಾಲಿಎಥಿಲೀನಿನ ಓಲಾಡುವ ಬಿಲ್ಲೆ, ಹೊಲಿಯಲು ಪಾಲಿಯೆಸ್ಟರ್ ಉಂಗುರ. 1990ರ ಡಿಸೆಂಬರ್ 6ರಂದು ಅದು ಮೊದಲ ಸಲ ಮನುಷ್ಯನ ಎದೆಯೊಳಗೆ ಕೂತಿತು. ಟಿಟಿಕೆ ಕಂಪನಿ ತಯಾರಿಕೆಗೆ ಇಳಿದ ಮೇಲೆ ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅದನ್ನು ಹಾಕಲಾಗಿದೆ. ವೈದ್ಯ, ಲೋಹ ಬಲ್ಲವನು, ಪ್ರಾಣಿಗಳ ಮೇಲೆ ಪರೀಕ್ಷಿಸಿದವನು, ಕಾರ್ಖಾನೆಯವನು, ಇವರಲ್ಲಿ ಒಬ್ಬ ಬೇಸತ್ತು ಎದ್ದು ಹೋಗಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲಕ್ಕೆ ಕುಲಪತಿಯಾಗಿ ಬಂದರು, ಚರಕ, ಸುಶ್ರುತ, ವಾಗ್ಭಟರ ಮೇಲೆ ಗ್ರಂಥಗಳನ್ನು ಬರೆದರು, ಮಣಿಪಾಲದಲ್ಲೇ 2024ರ ಜುಲೈನಲ್ಲಿ ಕೊನೆಯುಸಿರೆಳೆದರು. ನಮ್ಮ ವಿದ್ಯಾರ್ಥಿಗಳಿಗೆ ಕ್ರಿಕೆಟ್ ಆಟಗಾರರ ಹೆಸರು ಗೊತ್ತಿರುವಷ್ಟು ಈ ಹೆಸರು ಗೊತ್ತಿಲ್ಲ. ಗೊತ್ತಾಗಬೇಕು.

ಎಲ್ಲರಿಗೂ ಎದೆ ಸೀಳಬೇಕಿಲ್ಲ. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ತೊಡೆಯ ರಕ್ತನಾಳದಿಂದ ಬಲೂನು ಏರಿಸಿ, ಅಂಟಿದ ಮೈಟ್ರಲ್ ಎಸಳುಗಳನ್ನು ಬಿಡಿಸಿ ತೋರಿಸಿದರು. ಬೆಂಗಳೂರಿನ ಜಯದೇವ ಸಂಸ್ಥೆ ಈ ಚಿಕಿತ್ಸೆಯಲ್ಲಿ ದೊಡ್ಡ ಹೆಸರು ಮಾಡಿತು. ಅಲ್ಲಿ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ ಅವರು ಬಲೂನು ಹಾಕುವ ಕ್ರಮದ ಬಗ್ಗೆ ಬರೆದೂ ಇದ್ದಾರೆ. ಬಸುರಿ ಹೆಂಗಸಿಗೂ ಇದನ್ನು ಮಾಡಬಹುದು, ಬಹಳಷ್ಟು ಸಲ ತಾಯಿ-ಮಗು ಇಬ್ಬರೂ ಉಳಿಯುತ್ತಾರೆ. ಮುಪ್ಪಿನಲ್ಲಿ ಸುಣ್ಣಗಟ್ಟುವ ಮಹಾಧಮನಿ ಕವಾಟಕ್ಕೂ ಈಗ ಇಂಥದೇ ದಾರಿಯಲ್ಲಿ ಹೊಸ ಕವಾಟ ಕೂರಿಸುತ್ತಾರೆ, ಭಾರತದಲ್ಲೇ ತಯಾರಾದದ್ದು ಯುರೋಪಿನ ಪರೀಕ್ಷೆಯಲ್ಲೂ ಕಡಿಮೆಯಿಲ್ಲ ಎನಿಸಿಕೊಂಡಿದೆ. ಅದು ಬೇರೆ ದಿನದ ವಿಷಯ.

ನಮ್ಮ ಮುಂದಿನ ನಿಜವಾದ ಕೆಲಸ ಒಂದು ಸೂಜಿಯದು. ಬೆಂಜಥೀನ್ ಪೆನಿಸಿಲಿನ್, 12 ಲಕ್ಷ ಯೂನಿಟ್, ಇಪ್ಪತ್ತೊಂದು ದಿನಕ್ಕೊಮ್ಮೆ. ಗಂಟಲುಬೇನೆ ಮರುಕಳಿಸದಂತೆ, ಕವಾಟಕ್ಕೆ ಮತ್ತೆ ಪೆಟ್ಟು ಬೀಳದಂತೆ ಕಾಯುವುದು ಇದು. ವರ್ಷಕ್ಕೆ ಹದಿನೇಳು. ಹತ್ತರ ವಯಸ್ಸಿನ ಹುಡುಗಿಗೆ ಇಪ್ಪತ್ತೊಂದು ತುಂಬುವವರೆಗೆ ಎಂದರೆ ನೂರಾ ಎಂಬತ್ತು ದಾಟಿತು. ಕವಾಟ ಬಹಳ ಕೆಟ್ಟಿದ್ದರೆ ನಲವತ್ತರವರೆಗೆ, ಇಲ್ಲವೆ ಜೀವನಪೂರ್ತಿ. ಔಷಧ ದಪ್ಪ, ಸೂಜಿ ನೋವು, ಎರಡು ದಿನ ಕುಂಟುತ್ತಾ ಶಾಲೆಗೆ ಹೋಗಬೇಕು. ಬೆಲೆ ಕಡಿಮೆ, ಕಂಪನಿಗೆ ಲಾಭವಿಲ್ಲ, ಅಂಗಡಿಯಲ್ಲಿ ಸಿಕ್ಕರೆ ಸಿಕ್ಕಿತು. ಸಿಕ್ಕರೂ ಚುಚ್ಚುವವರಿಗೆ ಭಯ: "ಇದು ರಿಯಾಕ್ಷನ್ ಆಗೋ ಸೂಜಿ, ಇಲ್ಲಿ ಮಾಡಂಗಿಲ್ಲ, ದೊಡ್ಡಾಸ್ಪತ್ರಿಗೆ ಹೋಗ್ರಿ." ಪೆನಿಸಿಲಿನ್‌ನಿಂದ ಪ್ರಾಣಕ್ಕೆ ಬರುವ ಅಲರ್ಜಿ ಬಹಳ ವಿರಳ. ಸೂಜಿಯಾದ ಕೂಡಲೇ ಆದ ಕೆಲವು ಸಾವುಗಳನ್ನು ಮತ್ತೆ ಪರಿಶೀಲಿಸಿದಾಗ, ಅವು ಅಲರ್ಜಿಯಿಂದಲ್ಲ, ಮೊದಲೇ ಸೋತಿದ್ದ ಹೃದಯ ನೋವು-ಹೆದರಿಕೆಗೆ ತತ್ತರಿಸಿ ಆದವು ಎಂಬ ಅಭಿಪ್ರಾಯಕ್ಕೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಬಂತು. ಕವಾಟ ತೀರ ಕೆಟ್ಟವರಿಗೆ ಗುಳಿಗೆ ಮೇಲು, ಉಳಿದವರಿಗೆ ಮಲಗಿಸಿ, ನೀರು ಕುಡಿಸಿ, ನೋವು ಕಡಿಮೆ ಮಾಡಿ ಸೂಜಿ ಕೊಡಿ ಎಂದಿತು. ಈ ನಾಲ್ಕು ಸಾಲು ಕನ್ನಡದಲ್ಲಿ ಅಚ್ಚಾಗಿ ಉಪಕೇಂದ್ರದ ಗೋಡೆಗೆ ಅಂಟಿದ್ದನ್ನು ನಾನು ಇನ್ನೂ ನೋಡಬೇಕಿದೆ.

ಸೂಜಿ ತಪ್ಪುವುದಕ್ಕೆ ಭಯ ಒಂದೇ ಕಾರಣವಲ್ಲ. ಮಳೆ ಕೈಕೊಟ್ಟ ವರ್ಷ ಈ ಭಾಗದ ಮನೆಗಳು ಬೀಗ ಹಾಕಿಕೊಂಡು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುತ್ತವೆ. ಮಗುವೂ ಹೋಗುತ್ತದೆ, ಸೂಜಿಯ ಚೀಟಿ ಗೂಡಿನಲ್ಲೇ ಉಳಿಯುತ್ತದೆ. ಮಳೆ ಹೆಚ್ಚಾದರೆ ಇನ್ನೊಂದು ಬಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಕೊಣ್ಣೂರಿನೊಳಗೇ ಬಂದದ್ದು ನಿಮಗೆ ನಾನು ಹೇಳಬೇಕಿಲ್ಲ. ನಮ್ಮ ರೋಗಿಗಳ ಇಡೀ ಇತಿಹಾಸ ಇರುವುದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ: ಎಕೋ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು, ಗುಳಿಗೆಯ ಖಾಲಿ ಪಟ್ಟಿ. ಚೀಲ ನೀರುಪಾಲಾದರೆ ರೋಗಿ ಹೊಸಬಳಾಗುತ್ತಾಳೆ.

ಸಂಶೋಧಕರಿಗೂ ಒಂದು ಮಾತು ಹೇಳಬೇಕು. ಊರಿಗೆ ಬಂದು, ಶಾಲೆಯಲ್ಲಿ ಎಕೋ ಮಾಡಿ, ಅಂಕಿ ಹೊತ್ತು ಹೋಗಿ, ಪ್ರಬಂಧ ಬರೆದರೆ ಅದು ಸಹಯೋಗವಲ್ಲ. ದೋಷ ಕಂಡ ಮಗುವಿಗೆ ಮುಂದಿನ ಹತ್ತು ವರ್ಷದ ಸೂಜಿಗೆ ದಾರಿ ಮಾಡದೆ ಪರೀಕ್ಷೆ ಮಾಡಲೇಬಾರದು. ಅಪ್ಪ-ಅವ್ವನ ಕೈಗೆ ಹೆದರಿಕೆಯನ್ನಷ್ಟೇ ಕೊಟ್ಟು ಹೋದಂತಾಗುತ್ತದೆ. ಐಸಿಎಂಆರ್‌ನ 2017ರ ನೀತಿಸೂತ್ರಗಳು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆನ್ನುತ್ತವೆ. ಇಂಗ್ಲಿಷ್ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿದರೆ ಕಾಗದ ತುಂಬುತ್ತದೆ, ಒಪ್ಪಿಗೆ ಸಿಗುವುದಿಲ್ಲ. ಬಿಸಿಲಲ್ಲಿ ಮನೆ ಮನೆ ಅಲೆದ ಆಶಾ ಕಾರ್ಯಕರ್ತೆಯ ಹೆಸರು ಪ್ರಬಂಧದ ಕೊನೆಯ ಕೃತಜ್ಞತೆಯಲ್ಲಾದರೂ ಬರಲಿ ಎನ್ನುವುದು ಅತಿಯಾಸೆಯಲ್ಲ ಎಂದು ನನ್ನೆಣಿಕೆ.

ಬೇಕಾದ ಅಂಗಗಳು ಹೆಚ್ಚುಕಡಿಮೆ ಇವೆ. ಮಕ್ಕಳನ್ನು ಶಾಲೆಯಲ್ಲೇ ನೋಡುವ ಆರ್‌ಬಿಎಸ್‌ಕೆ ತಂಡಗಳು 2013ರಿಂದ ಓಡಾಡುತ್ತಿವೆ, ಅವರ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಗದಗದಲ್ಲಿ ವೈದ್ಯಕೀಯ ಕಾಲೇಜು ಇದೆ. ಕಿಮ್ಸ್ ಎಂದೇ ಹೆಸರಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರಿಂದ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕವಾಟದ ಶಸ್ತ್ರಚಿಕಿತ್ಸೆಗೆ ಹಣ ಸಿಗುತ್ತದೆ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಎಕೋ ಯಂತ್ರಗಳು ಬಂದಿವೆ. ನರ್ಸ್‌ಗಳಿಗೆ ಕೆಲವು ವಾರ ಕಲಿಸಿದರೆ ಅನುಮಾನದ ಮಗುವನ್ನು ಬೇರ್ಪಡಿಸುವಷ್ಟು ಪಳಗುತ್ತಾರೆಂದು ಫಿಜಿಯಲ್ಲೂ ಉಗಾಂಡದಲ್ಲೂ ತೋರಿಸಿದ್ದಾರೆ. ಇವನ್ನೆಲ್ಲ ಒಂದಕ್ಕೊಂದು ಕಟ್ಟುವ ದಾರ ಮಾತ್ರ ಇಲ್ಲ.

ನಾನು ಕೇಳುವುದು ನರಗುಂದ, ರೋಣ, ಗಜೇಂದ್ರಗಡ ತಾಲೂಕುಗಳಿಗೆ ಒಂದೇ ನೋಂದಣಿ. ಮಗುವಿನ ಹೆಸರು, ಶಾಲೆ, ಎಕೋ ಆದ ದಿನ ಮತ್ತು ಕಂಡದ್ದು, ಮುಂದಿನ ಸೂಜಿಯ ತಾರೀಖು, ಸೂಜಿ ಆಯಿತೇ ಇಲ್ಲವೇ, ಆಗದಿದ್ದರೆ ಕಾರಣ, ಗುಳೆ ಹೋಗಿದ್ದರೆ ಯಾವ ಊರು, ಅಲ್ಲಿ ಯಾರು ಚುಚ್ಚುತ್ತಾರೆ. ಹುಡುಗಿಯಾಗಿದ್ದರೆ ಮದುವೆಯಾಗಿ ಹೋದ ಊರಿನ ಹೆಸರೂ ಅದರಲ್ಲಿರಬೇಕು, ಬಸುರಿಯಾದಾಗ ಆ ಊರಿನ ಉಪಕೇಂದ್ರಕ್ಕೆ ಮೊದಲೇ ಸುದ್ದಿ ಮುಟ್ಟಬೇಕು. ಮಡಗಾಂವಿನಲ್ಲೋ ಸುರತ್ಕಲ್ಲಿನಲ್ಲೋ ಮಗು ಸೂಜಿಗೆ ಬಂದರೆ ಅಲ್ಲಿಯ ನರ್ಸು ಫೋನಿನಲ್ಲೇ ಈ ಪುಟ ತೆರೆಯುವಂತಿರಬೇಕು. ಗದಗದ ಕಾಲೇಜಿನ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ತಿಂಗಳಿಗೊಮ್ಮೆ ಕಾರಣದ ಅಂಕಣ ಓದಲಿ: ಔಷಧ ಇರಲಿಲ್ಲವೋ, ನರ್ಸು ಹೆದರಿದಳೋ, ಮಗು ಓಡಿಹೋಯಿತೋ, ಜಾತ್ರೆಯಿತ್ತೋ. ಈ ದತ್ತಿಯ ಬಡ್ಡಿ ದೊಡ್ಡದಲ್ಲ; ಆದರೂ ಮೊದಲ ವರ್ಷ ಕೊಣ್ಣೂರಿನ ಶಾಲೆಗಳಿಗೆ ಆ ವಹಿ ಅಚ್ಚು ಮಾಡಿಸಲು, ಉಪಕೇಂದ್ರದಲ್ಲಿ ಪೆನಿಸಿಲಿನ್ ಮುಗಿದ ದಿನ ತುರ್ತಾಗಿ ಕೊಂಡು ತರಲು ಅದು ಸಾಕಾಗುತ್ತದೆ ಎಂದು ದತ್ತಿಯ ಹಿರಿಯರ ಜೊತೆ ಕೂತು ಲೆಕ್ಕ ಹಾಕಿದ್ದೇವೆ. ಅವರು ಒಪ್ಪಿದ್ದಾರೆ. ಮುಖ್ಯೋಪಾಧ್ಯಾಯರು ಸಭೆ ಮುಗಿದ ಮೇಲೆ ದಯವಿಟ್ಟು ಹತ್ತು ನಿಮಿಷ ನಿಲ್ಲಬೇಕು, ಯಾವ ಶಾಲೆಯಿಂದ ಶುರು ಮಾಡುವುದೆಂದು ಗೊತ್ತು ಮಾಡೋಣ.